ನಿಂತ ಗಡಿಯಾರದ ಇತಿಹಾಸ

"ಈ ಛತ್ರಿಗೆ ಸಾಕ್ಷಿ ಎಲ್ಲಿ?" ಸಂಪಾದಕಿ ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

ಎದುರಿಗಿದ್ದ ಮುದುಕರು ಚಹಾದಲ್ಲಿ ಬಿಸ್ಕತ್ತು ಅದ್ದಿದವರು ಅದನ್ನು ಅಲ್ಲೇ ಮರೆತರು. ಜೀವಮಾನವೆಲ್ಲ ಐತಿಹಾಸಿಕ ಕಾದಂಬರಿ ಬರೆದು ಹೆಸರು ಮಾಡಿದವರು, ಈಗ ಮೊದಲ ಸಲ ಕಲ್ಪನೆಗೆ ರಜೆ ಕೊಟ್ಟು ತಮ್ಮೂರಿನ ನಿಜವಾದ ಇತಿಹಾಸ ಬರೆದಿದ್ದರು. ಒಂದೇ ಒಂದು ಸುಳ್ಳು ಸಿಕ್ಕರೂ ಪುಸ್ತಕ ಅಚ್ಚಿಗೆ ಹೋಗದು ಎಂದು ಪ್ರಕಾಶಕರು ತಾಕೀತು ಮಾಡಿದ್ದರು. ಸುಳ್ಳು ಹಿಡಿಯುವುದರಲ್ಲಿ ಸಂಪಾದಕಿಯದು ಎತ್ತಿದ ಕೈ. ಚಿಕ್ಕಂದಿನಲ್ಲಿ ಅವರ ಕಾದಂಬರಿ ಓದುತ್ತಾ ಊಟ ಮರೆತವಳು ಅವಳು. ಆ ಅಭಿಮಾನ ಅಡ್ಡ ಬಂದೀತೆಂದು ಪೆನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದಳು.

"ನೋಂದಣಿ ಕಚೇರಿ ಮುಚ್ಚೋ ಹೊತ್ತಾಯ್ತು, ಮದುಮಗ ಪತ್ತೆಯಿಲ್ಲ. ಮದುಮಗಳು ಗೋಪುರ ಹತ್ತಿ, ಊರ ಗಡಿಯಾರದ ಚಕ್ರಕ್ಕೆ ಛತ್ರಿ ಸಿಕ್ಕಿಸಿ ನಿಲ್ಲಿಸಿಬಿಟ್ಟಳು. ಸರ್, ಇದು ಇತಿಹಾಸವಾ?"

"ಅಧಿಕಾರಿ ಬೀಗ ಹಾಕ್ತಿದ್ದದ್ದೇ ಆ ಗಡಿಯಾರ ನೋಡಿ. ಮದುಮಗ ಬಂದ, ಮದುವೆ ಆಯ್ತು."

"ಗಡಿಯಾರ ನಿಂತದ್ದು ಪಾರಿವಾಳದ ಗೂಡಿನಿಂದ ಅಂತ ನಗರಸಭೆ ವರದಿಯಲ್ಲಿದೆ."

"ಪಾರಿವಾಳಕ್ಕೆ ಬಾಯಿಲ್ಲವಲ್ಲ, ಅದರ ತಲೆಗೆ ಕಟ್ಟಿದರು."

ಸಂಪಾದಕಿಗೆ ನಗು ಬಂತು, ನುಂಗಿಕೊಂಡಳು. "ಕಥೆ ಚೆನ್ನಾಗಿದೆ. ತೊಂದರೆ ಇರೋದೇ ಅಲ್ಲಿ."

ಪೆನ್ನು ಪುಟದ ಮೇಲೆ ಇಳಿಯಿತು. ಮುದುಕರ ಮುಖ ಬಾಡಿತು.

"ಆಕೆ ಇನ್ನೂ ಗಟ್ಟಿಮುಟ್ಟಾಗಿದ್ದಾರಮ್ಮ. ಖುದ್ದು ನನಗೆ ಹೇಳಿದ್ದಾರೆ. ಹೆಸರು ಮಾತ್ರ ಹಾಕಬೇಡಿ ಅಂದ್ರು."

"ಯಾಕಂತೆ?"

"ಮನೇಲಿ ಯಾರೋ ಬಲು ಕಟ್ಟುನಿಟ್ಟಂತೆ. ಗೊತ್ತಾದರೆ ಪ್ರಶ್ನೆ ಕೇಳಿ ಕೇಳಿ ಜೀವ ಹಿಂಡ್ತಾರಂತೆ."

"ಪಾಪ," ಎಂದಳು ಸಂಪಾದಕಿ. ಅಂಥವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಅವಳಿಗೆ ನಿಜಕ್ಕೂ ಮರುಕವಾಯಿತು. "ಆದರೆ ಹೆಸರಿಲ್ಲದ ಸಾಕ್ಷೀನ ನಾನು ಒಪ್ಪಲ್ಲ. ಈ ಅಧ್ಯಾಯ ಹೋದರೆ ಪುಸ್ತಕ ಉಳಿಯುತ್ತೆ, ಸರ್."

"ಇದು ಹೋದರೆ ಪುಸ್ತಕದ ಜೀವವೇ ಹೋದ ಹಾಗೆ." ಮುದುಕರು ಜೇಬಿಗೆ ಕೈಹಾಕಿದರು. "ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಫೋನು ಮಾಡಲ್ಲ ಅಂದಿಲ್ಲವಲ್ಲ."

ಅಂಕಿಗಳು ಕಾಣದಂತೆ ಅಂಗೈ ಅಡ್ಡ ಹಿಡಿದು ಒತ್ತಿ, ಫೋನನ್ನು ಅವಳ ಕೈಗೆ ಕೊಟ್ಟರು. ಸಂಪಾದಕಿ ಗಂಟಲು ಸರಿಮಾಡಿಕೊಂಡಳು.

"ಗೋಪುರದ ಗಡಿಯಾರ ನಿಲ್ಲಿಸಿದ್ದು ನೀವೇನಾ? ಇದ್ದದ್ದು ಇದ್ದ ಹಾಗೆ ಹೇಳಿ."

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು.

"ನಿಮ್ಮ ತಾತ ಬರೋದು ತಡವಾಯ್ತು ಕಣೇ. ನಾನಿನ್ನೇನು ಮಾಡಲಿ?"