ಬೆನ್ನ ಹಿಂದಿನ ನೆಲ

ಕಟ್ಟಡದ ಫೋಟೋ ಎಲ್ಲಿಗೆ ಮುಗಿಯಬೇಕು ಎಂಬುದು ಲೋಕದ ಗಹನ ಪ್ರಶ್ನೆಗಳಲ್ಲೊಂದು. ಸುಂದರೇಶನ ಪ್ರಕಾರ ಅದು ಕಣ್ಣೆದುರಿನ ನೆಲದಿಂದ ಹೊರಟು, ಗೋಡೆ ಹತ್ತಿ, ಛಾವಣಿ ದಾಟಿ, ಬೆನ್ನ ಹಿಂದಿನ ನೆಲಕ್ಕೆ ಇಳಿದಾಗಲೇ ಮುಗಿಯುವುದು. ಕ್ಯಾಮೆರಾವನ್ನು ತುಸುತುಸುವೇ ಹೊರಳಿಸುತ್ತ ತೆಗೆದ ತುಣುಕುಗಳನ್ನು ಮನೆಯಲ್ಲಿ ಕೂತು ಒಂದೇ ಉದ್ದ ಚಿತ್ರವಾಗಿ ಹೊಲಿಯುತ್ತಿದ್ದ; ಬೆನ್ನ ಹಿಂದಿನದೆಲ್ಲ ಅದರ ತುದಿಯಲ್ಲಿ ತಲೆಕೆಳಗಾಗಿ ಬರುತ್ತಿತ್ತು.

ಹೊಸ ಗ್ರಂಥಾಲಯದ ಫೋಟೋ ಪುಸ್ತಕದ ಕೆಲಸ ಸಿಕ್ಕಿದರೆ ಅವನ ಹಣೆಬರಹವೇ ಬದಲಾಗುವಂತಿತ್ತು. ಮಾದರಿ ಚಿತ್ರ ತೆಗೆಯಲು ಅಲ್ಲಿಗೆ ಹೋದ ದಿನ ಶಿಫಾರಸಿಗೆಂದು ಗೆಳೆಯ ಪ್ರಹ್ಲಾದ ಜೊತೆಗೆ ಬಂದಿದ್ದ. ಅವನೂ ಫೋಟೋಗ್ರಾಫರನೇ.

ತಾನು ಚಿತ್ರದಲ್ಲಿ ಬೀಳಬಾರದೆಂದು ಸುಂದರೇಶ ಟ್ರೈಪಾಡಿನ ಬುಡದಲ್ಲಿ ತಲೆ ತಗ್ಗಿಸಿ ಕೂತು ಕ್ಲಿಕ್ಕಿಸುತ್ತಿದ್ದ. ಹಿಂದೆ ನಿಂತ ಪ್ರಹ್ಲಾದ ಗ್ರಂಥಾಲಯದ ನಿರ್ದೇಶಕಿಗೆ ಹೇಳುತ್ತಿದ್ದುದು ಕಿವಿಗೆ ಹಿತವಾಗಿತ್ತು.

"ಇವನಂಥ ಕೆಲಸಗಾರ ಸಿಗಲ್ಲ ಮೇಡಂ. ಅಪ್ಪಟ ಚಿನ್ನ!"

"ಹೌದಾ..." ಎಂದರು ಅವರು. ಯಾಕೋ ದನಿ ಇಳಿದಿತ್ತು.

ವಾರ ಕಳೆಯುವುದರೊಳಗೆ ಕೆಲಸ ಪ್ರಹ್ಲಾದನ ಪಾಲಾಯಿತು.

"ನಿನ್ನ ಪರವಾಗಿ ಎಷ್ಟು ಹೇಳ್ದೆ, ನೀನೇ ಕೇಳಿಸ್ಕೊಂಡ್ಯಲ್ಲೋ," ಎಂದು ಅವನು ಹೆಗಲು ತಟ್ಟಿದ. "ಬೇಜಾರು ಬಿಡು. ಏನಾದ್ರೂ ಕುಡಿಯೋಣ ಬಾ."

"ಮಜ್ಜಿಗೆ ಬಿಟ್ಟು ನಾನೇನೋ ಕುಡೀತೀನಿ, ಮಾರಾಯ?"

ಮನೆಗೆ ಬಂದವನೇ ಸುಂದರೇಶ ಹಟಕ್ಕೆ ಬಿದ್ದು ಆ ದಿನ ಗ್ರಂಥಾಲಯದಲ್ಲಿ ತೆಗೆದಿದ್ದ ತುಣುಕುಗಳನ್ನು ಹೊಲಿದ. ನೆಲ, ಗೋಡೆ, ಛಾವಣಿ ಎಲ್ಲ ಕೂದಲೆಳೆಯ ಬಿರುಕೂ ಇಲ್ಲದೆ ಕೂಡಿಕೊಂಡವು. ಚಿತ್ರದ ತುತ್ತತುದಿಯಲ್ಲಿ, ಬೆನ್ನ ಹಿಂದಿನ ನೆಲದ ಮೇಲೆ, ಪ್ರಹ್ಲಾದ ತಲೆಕೆಳಗಾಗಿ ನಿಂತಿದ್ದ. ನಿರ್ದೇಶಕಿಯ ಕಡೆ ತಿರುಗಿ, ಒಂದು ಕೈಯಲ್ಲಿ ಸುಂದರೇಶನನ್ನು ತೋರಿಸುತ್ತ, ಇನ್ನೊಂದು ಕೈಯ ಹೆಬ್ಬೆರಳನ್ನು ಬಾಟಲಿಯಂತೆ ಬಾಯಿಗೆ ಎತ್ತಿದ್ದ.