ಮಹಾನಂದಾಳ ಕಂಬಳಿ

ಹಗಲೆಲ್ಲ ಪೆಡಲ್ ತುಳಿದ ಶಾಖ ಸೈಕಲ್ಲಿಗೆ ಕಟ್ಟಿದ ಕಂಬಳಿಯಲ್ಲಿ ತುಂಬಿಕೊಳ್ಳುತ್ತದೆ. ಚಳಿಗಾಲದ ಸೈಕಲ್ ಪ್ರವಾಸದಲ್ಲಿ ಎಲ್ಲರೂ ಹೊದ್ದು ಮಲಗುವುದು ಅದನ್ನೇ. ಬೀದರ್ ಕಡೆಯ ಏರಿನಲ್ಲಿ ನಾನು ತುಳಿಯದೆ ಟ್ರ್ಯಾಕ್ಟರಿನ ಟ್ರಾಲಿ ಹಿಡಿದುಕೊಂಡು ಬಂದಿದ್ದೆ. ನನ್ನ ಕಂಬಳಿ ತಣ್ಣಗಿತ್ತು. ಸಂಜೆ ಗೆಳತಿ ಮಹಾನಂದಾ ನೀರು ತರಲು ಹೋದಾಗ ಅವಳ ಕಂಬಳಿಯನ್ನೂ ನನ್ನದನ್ನೂ ಅದಲುಬದಲು ಮಾಡಿಬಿಟ್ಟೆ.

ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತ್ತು. "ನಿನ್ನಿ ನಾ ಸರಿ ತುಳಿದಿಲ್ಲ ಕಾಣಸ್ತದ," ಎಂದು ನಗುತ್ತ ಚಹಾದ ಲೋಟ ನನ್ನತ್ತ ಹಿಡಿದಳು.

ತೆಗೆದುಕೊಳ್ಳಲು ಎದ್ದರೆ ನನ್ನ ಎಡ ಮೊಣಕಾಲು ಚುಳ್ಳೆಂದಿತು. ಶಾಖದ ಜೊತೆ ತುಳಿದವರ ನೋವೂ ಬರುತ್ತದೆಂಬುದು ಆ ಚಳಿಯಲ್ಲಿ ಮರೆತೇಹೋಗಿತ್ತು.

ನಾನು ಕುಂಟಿದ್ದು ನೋಡಿ ಅವಳ ನಗು ನಿಂತಿತು. ತಾನು ದಿನಾ ಎಡ ಮೊಣಕಾಲಿಗೆ ಹಚ್ಚಿಕೊಳ್ಳುವ ಮುಲಾಮಿನ ಡಬ್ಬಿಯನ್ನು ನನ್ನ ಮುಂದಿಟ್ಟಳು.

"ಜಲ್ದಿ ಹಚ್ಕೊ. ನಂಗ ರೂಢಿ ಅದ, ನಿಂಗ ತಡ್ಕೊಳ್ಳಾಕ ಆಗಲ್ಲ."