ಹಾಲಿಲ್ಲದ ಕಾಫಿ

ಅಂಧೇರಿಯ ನಮ್ಮ ಆಫೀಸಿನಲ್ಲಿ ಯಾರಾದರೂ ಕರಿ ಕಾಫಿ ಬೆರೆಸಿದರೆ, ಅಸಿಡಿಟಿಯ ಚಿಂತೆ ಶುರುವಾಗುವ ಮೊದಲೇ ನನಗೆ ಸಯನ್‌ನ ಚಾಳಿನ, ನಾನು ಬೆಳೆದ ಆ ಒಂದೊಂದೇ ಕೋಣೆಯ ಮನೆಗಳ ವಠಾರದ, ಒಂದು ಮಧ್ಯಾಹ್ನದ ವಾಸನೆ ಬರುತ್ತದೆ.

ಅಪ್ಪ ತೀರಿಕೊಂಡ ಮರುದಿನ ಅದು. ಸೂತಕವೆಂದು ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಗೋಡೆಗೆ ಒರಗಿ ಕೂತ ಅವ್ವ ನೀರನ್ನೂ ಮುಟ್ಟಿರಲಿಲ್ಲ. ಒಂಬತ್ತನೆಯ ವಯಸ್ಸಿಗೇ ಚಿಂತೆಯಲ್ಲಿ ಪಳಗಿದ್ದ ನಾನು, ಹೀಗೇ ಇದ್ದರೆ ಅವ್ವನೂ ಹೋಗಿಬಿಡುತ್ತಾಳೆಂದು ಅವಳ ಉಸಿರನ್ನೇ ಕಾಯುತ್ತಿದ್ದೆ.

ಪಕ್ಕದ ಖೋಲಿಯಲ್ಲಿದ್ದ ಉಡುಪಿಯ ಅಕ್ಕ ಸ್ಟೀಲಿನ ಲೋಟದಲ್ಲಿ ಕರಿ ಕಾಫಿ ತಂದರು. "ನಮ್ಮಲ್ಲಿ ಸಾವಿನ ಮನೆಗೆ ಹಾಲು ಹಾಕಿ ಕೊಡುವ ಕ್ರಮ ಇಲ್ಲ ಮಾರಾಯ್ತಿ. ಹೀಗೇ ಕುಡಿ."

"ನನಗ ಏನೂ ಬ್ಯಾಡ್ರಿ," ಅಂದಳು ಅವ್ವ.

ಅಕ್ಕ ಲೋಟವನ್ನು ನನ್ನ ಕೈಗಿತ್ತರು. "ಮೊದಲು ನೀನು ಕುಡಿ ಮಗಾ. ನಿನ್ನನ್ನು ನೋಡಿ ಕುಡಿಯುತ್ತಾಳೆ."

ಚಹಾ ಕುಡಿದು ಬೆಳೆದ ನಾಲಿಗೆಗೆ ಅದು ಇದ್ದಿಲು ತೊಳೆದ ನೀರಿನಂತಿತ್ತು. ಮುಖ ತಾನಾಗಿ ಸೊಟ್ಟಗಾಯಿತು. ಅವ್ವ ತಲೆಯೆತ್ತಿ ನೋಡಿದಳು.

"ಭಾಳ ಕಹಿ ಅದ ಏನು?"

ಹೂಂ ಎಂದೆ. ಅವಳು ಲೋಟ ಇಸಿದುಕೊಂಡು ತಾನೂ ಒಂದು ಗುಟುಕು ಕುಡಿದಳು. "ಅಯ್ಯ, ಇಂಥಾದ್ದು ಹುಡುಗರಿಗೆ ಕೊಡ್ತಾರೇನ್ರಿ?" ಎಂದು ಅಕ್ಕನನ್ನು ಗದರಿ, ಗೋಡೆ ಹಿಡಿದು ಎದ್ದಳು. ಕಪಾಟಿನ ಡಬ್ಬಿಯಿಂದ ಬೆಲ್ಲದ ಚೂರು ತಂದು ನನ್ನ ಬಾಯಿಗಿಟ್ಟಳು.

ಬೆಲ್ಲವನ್ನು ದವಡೆಗೆ ಒತ್ತಿಕೊಂಡು ನಾನು ಇನ್ನೊಂದು ಗುಟುಕು ಕುಡಿದೆ, ಲೋಟವನ್ನು ಮತ್ತೆ ಅವಳತ್ತ ಚಾಚಿದೆ. ಹಾಗೆ ಒಬ್ಬರಾದ ಮೇಲೊಬ್ಬರು ಕುಡಿದು ಅದು ಖಾಲಿಯಾದಾಗ ಅಕ್ಕನಿಗೆ ನಾನೇ ಹೇಳಿದೆ:

"ನಾಳೆನೂ ಇದನ್ನ ತರ್ರಿ."